ನೆಗೆತದ ಅಳತೆ

ದೇವಾಪುರವೆಂಬ ಹೆಸರನ್ನು ಕೇಳಿದೊಡನೆ ಕನ್ನಡ ವಾಚಕರ ಮನಸ್ಸು ಲಕ್ಷ್ಮೀಶನ ಕಡೆಗೆ ಹೋಗುವದು ಸಹಜ. ಜೈಮಿನಿಭಾರತದ ಕವಿಯು ದೇವಪುರದ ಲಕ್ಷ್ಮೀರಮಣನನ್ನು ತನ್ನ ಇಷ್ಟದೈವವಾಗಿ ನೆನೆದಿರುವದರಿಂದ, ಆ ದೇವಪುರವು ಕಡೂರು ಸೀಮೆಯ ದೇವನೂರೋ ಸುರಪುರ ಸೀಮೆಯ ದೇವಾಪುರವೋ ಎಂಬ ವಿವಾದವು ಪಂಡಿತರಲ್ಲಿ ಬಹುಕಾಲ ನಡೆದಿದೆ. ಅದನ್ನು ಇಲ್ಲಿ ಕೆದಕುವ ಉದ್ದೇಶವಿಲ್ಲ. ಇಲ್ಲಿಯ ವಿಷಯವು ಅದೇ ದೇವಾಪುರದಂಥ ಊರುಗಳ ಶಾಲೆಯ ಬಯಲಿಗೆ ಸಂಬಂಧಿಸಿದ್ದು. ಸಂಜೆಯ ಹೊತ್ತು ಎರಡು ಕಂಬಗಳ ನಡುವೆ ನೆಟ್ ಬಿಗಿದು ಹುಡುಗರು ವಾಲಿಬಾಲ್ ಆಡುವಾಗ, ಒಬ್ಬನು ನೆಲವನ್ನು ಒದ್ದು ಮೇಲಕ್ಕೆದ್ದು ಚೆಂಡನ್ನು ಎದುರು ಪಕ್ಷದ ಅಂಗಳಕ್ಕೆ ಅಪ್ಪಳಿಸುತ್ತಾನೆ. ನೋಡುವವರು ‘ಭಲೆ’ ಎನ್ನುತ್ತಾರೆ. ಆದರೆ ಅವನು ನೆಗೆದದ್ದು ಎಷ್ಟು? ಇನ್ನು ನಾಲ್ಕು ವರ್ಷಕ್ಕೆ ಎಷ್ಟು ನೆಗೆದಾನು? ಮೊದಲನೆಯ ಪ್ರಶ್ನೆಗೆ ಉತ್ತರ ದೊರೆತು ನೂರು ವರ್ಷಗಳಾದುವು. ಎರಡನೆಯದಕ್ಕೆ ಉತ್ತರ ದೊರೆತಿದೆಯೆಂದು ಅನೇಕರು ತಿಳಿದಿದ್ದಾರೆ. ಆ ತಿಳಿವಳಿಕೆಯಿಂದ ಎಷ್ಟೋ ಹುಡುಗರ ಭಾಗ್ಯವು ಒಂದೇ ದಿನದಲ್ಲಿ ನಿರ್ಣಯವಾಗಿಹೋಗುತ್ತದೆ. ಆದುದರಿಂದ ಈ ಅಳತೆಯು ಎಲ್ಲಿಂದ ಬಂದಿತು, ಅದು ಏನನ್ನು ಹೇಳಬಲ್ಲುದು, ಏನನ್ನು ಹೇಳಲಾರದು ಎಂಬುದನ್ನು ವಿಚಾರಿಸುವದು ಅನುಚಿತವಾಗಲಾರದು.

ಲಂಘನಶಕ್ತಿಯನ್ನು ಸಭೆಯಲ್ಲಿ ವಿಚಾರಿಸಿದ ಅತಿ ಪ್ರಾಚೀನ ಪ್ರಸಂಗವು ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾಕಾಂಡದ ಕೊನೆಯಲ್ಲಿದೆ. ಕಡಲ ತಡಿಯಲ್ಲಿ ಕುಳಿತ ಕಪಿವೀರರನ್ನು ಅಂಗದನು, ನಿಮ್ಮಲ್ಲಿ ಯಾರು ಎಷ್ಟು ದೂರ ಹಾರಬಲ್ಲಿರಿ ಎಂದು ಕೇಳುತ್ತಾನೆ. ಗಜನು 10 ಯೋಜನ ಎನ್ನುತ್ತಾನೆ, ಗವಾಕ್ಷನು 20 ಎನ್ನುತ್ತಾನೆ. ಹೀಗೆಯೇ ಏರುತ್ತ ಹೋಗಿ ಮೈಂದನು 60, ದ್ವಿವಿದನು 70, ಸುಷೇಣನು 80 ಎಂದು ಹೇಳಿಕೊಳ್ಳುತ್ತಾರೆ. ವೃದ್ಧನಾದ ಜಾಂಬವಂತನು ತನ್ನ ಯೌವನದ ಬಲವನ್ನು ನೆನೆದು, ಈಗ 90 ಯೋಜನವಷ್ಟೇ ಸಾಧ್ಯವೆಂದು ಒಪ್ಪಿಕೊಳ್ಳುತ್ತಾನೆ. ಅಂಗದನು ತಾನು ನೂರು ಯೋಜನವನ್ನು ದಾಟಬಲ್ಲೆನೆಂದೂ ಹಿಂದಿರುಗಿ ಬರುವದು ಮಾತ್ರ ಸಂದೇಹವೆಂದೂ ನುಡಿಯುತ್ತಾನೆ. ಕಡಲನ್ನು ದಾಟಬೇಕಾದವನಾದ ಹನುಮಂತನು ಈ ಯಾದಿಯಲ್ಲಿಯೇ ಇಲ್ಲ. ಒಂದೆಡೆ ಸುಮ್ಮನೆ ಕುಳಿತಿದ್ದಾನೆ. ಅವನನ್ನು ಗುರುತಿಸಿದವನು ಜಾಂಬವಂತ. ಗುರುತಿಸಿದ್ದಾದರೂ ಯಾವ ಆಧಾರದಿಂದ? ಹಸುಳೆಯಾಗಿದ್ದಾಗ ಸೂರ್ಯನನ್ನು ಹಣ್ಣೆಂದು ಬಗೆದು ಹಾರಿದ್ದನ್ನು ನೆನಪಿಸಿಕೊಂಡು.

ಕಾವ್ಯವನ್ನು ಕಾವ್ಯವೆಂದೇ ಓದತಕ್ಕದ್ದು. ಆದರೂ ಈ ಪ್ರಸಂಗದಲ್ಲಿ ನೆಗೆತದ ಪರೀಕ್ಷೆಗೆ ಸಂಬಂಧಿಸಿದ ತೊಡಕುಗಳೆಲ್ಲ ಬೀಜರೂಪವಾಗಿ ಸೇರಿರುವದು ಸೋಜಿಗವೇ ಸರಿ. ಸ್ವಂತ ಹೇಳಿಕೆಯನ್ನು ಎಷ್ಟು ನಂಬಬೇಕು? ವಯಸ್ಸಾದಂತೆ ಎಷ್ಟು ಕುಗ್ಗುತ್ತದೆ? ಬಾಲ್ಯದ ಹಾರಿಕೆಯಿಂದ ಪ್ರೌಢನ ಬಲವನ್ನು ಊಹಿಸಬಹುದೇ? ಹೋಗುವದಕ್ಕೂ ಹಿಂದಿರುಗುವದಕ್ಕೂ ಭೇದವೇನು? ಅಂಗದನ ಆ ಸಂದೇಹದ ಮಾತು ಮುಂದೆ ಪುನಃ ಬರುವದು.

ಶಾಸ್ತ್ರಗ್ರಂಥಗಳಲ್ಲಿ ಚರಕಸಂಹಿತೆಯ ವಿಮಾನಸ್ಥಾನವು ರೋಗಿಯನ್ನು ಹತ್ತು ಬಗೆಯಾಗಿ ಪರೀಕ್ಷಿಸಬೇಕೆಂದು ವಿಧಿಸಿ, ಆ ಹತ್ತರಲ್ಲಿ ವ್ಯಾಯಾಮಶಕ್ತಿಯನ್ನೂ ಎಣಿಸಿದೆ. ಅದನ್ನು ಮೈಕಟ್ಟನ್ನು ನೋಡಿ ಊಹಿಸದೆ, ಕೆಲಸ ಮಾಡುವ ಸಾಮರ್ಥ್ಯದಿಂದಲೇ ತಿಳಿಯಬೇಕೆಂದೂ ಪ್ರವರ, ಮಧ್ಯಮ, ಅವರ ಎಂದು ಮೂರು ತರವಾಗಿ ವಿಂಗಡಿಸಬೇಕೆಂದೂ ಅದರ ಮತ. ತೋರಿಕೆಯ ದೇಹಕ್ಕೂ ಮಾಡಿ ತೋರಿಸುವ ಬಲಕ್ಕೂ ಇರುವ ಈ ಭೇದವನ್ನು ಪಶ್ಚಿಮದ ವ್ಯಾಯಾಮಪಂಡಿತರು ಕಂಡುಕೊಂಡದ್ದು ಬಹಳ ತಡವಾಗಿ.

ಸುರಪುರ ಸೀಮೆಯು ಒಂದು ಕಾಲಕ್ಕೆ ಕಲ್ಯಾಣದ ಚಾಲುಕ್ಯರ ಆಳಿಕೆಗೆ ಸೇರಿದ್ದಿತು. ಆ ವಂಶದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಭಾಗವೊಂದುಂಟು. ಜಟ್ಟಿಗಳ ಆಹಾರ, ಭಾರವನ್ನೆತ್ತುವ ಶ್ರಮ, ನೀರಿನಲ್ಲಿಯ ಶ್ರಮ, ಕಂಬದ ಶ್ರಮ ಮುಂತಾದುವೆಲ್ಲ ಅಲ್ಲಿ ವಿವರವಾಗಿವೆ. ಇಲ್ಲಿ ಮುಖ್ಯವಾದದ್ದು ವಯಸ್ಸಿನ ವಿಂಗಡಣೆ. ಇಪ್ಪತ್ತರ ಒಳಗಿನ ಮಲ್ಲನಿಗೆ ಅರಸನು ಕೊಟ್ಟ ಹೆಸರು ‘ಭವಿಷ್ಣು’. ಎಂದರೆ ಆಗತಕ್ಕವನು, ಇನ್ನೂ ಆಗುತ್ತಿರುವವನು. ಮೂವತ್ತರವರೆಗಿನವನು ‘ಪ್ರರೂಢ’, ಬೇರೂರಿ ಬೆಳೆದವನು. ಒಂದೇ ಅಖಾಡದಲ್ಲಿ ಕಾದುವ ಇಬ್ಬರಿಗೆ ಎರಡು ಹೆಸರಿಟ್ಟು ಎರಡು ಕಣ್ಣಿನಿಂದ ನೋಡಬೇಕೆಂದು ತಿಳಿದ ಈ ವಿವೇಕವು ಮೆಚ್ಚತಕ್ಕದ್ದು.

ಬೇಡ ನಾಯಕರ ಸುರಪುರವು ಶೌರ್ಯಕ್ಕೆ ಹೆಸರಾದ ಸಂಸ್ಥಾನ. 1705ರಲ್ಲಿ ವಾಗಣಗೇರಿಯ ಕೋಟೆಯ ಮುಂದೆ ಔರಂಗಜೇಬನ ಸೈನ್ಯವೇ ಬಂದು ನಿಂತು ಬೆವರಬೇಕಾಯಿತು. ಇಲ್ಲಿಯ ಗರಡಿಗಳಲ್ಲಿಯೂ ಜಾತ್ರೆಗಳಲ್ಲಿಯೂ ಬಲವನ್ನು ಪರೀಕ್ಷಿಸುವ ಬಗೆಗಳಿಗೆ ಕೊರತೆಯಿರಲಿಲ್ಲ. ಗುಂಡು ಎತ್ತುವದು, ಸಂಗ್ರಾಣಿ ಕಲ್ಲನ್ನು ತಿರುಗಿಸುವದು, ಉಸುಕಿನ ಚೀಲವನ್ನು ಹೆಗಲಿಗೇರಿಸುವದು, ಸುರಪುರದ ವೇಣುಗೋಪಾಲಸ್ವಾಮಿಯ ಉತ್ಸವದಲ್ಲಿ ಜಾರುವ ಕಂಬವನ್ನೇರುವದು ಇವೆಲ್ಲ ಇದ್ದುವು; ಇಂದಿಗೂ ಇವೆ. ಆದರೆ ಇವು ಗೆದ್ದವರಾರು, ಸೋತವರಾರು ಎಂಬುದನ್ನು ಹೇಳುವವೇ ಹೊರತು ನಿಂತಲ್ಲಿಯೇ ನೆಟ್ಟನೆ ಮೇಲಕ್ಕೆ ನೆಗೆಯುವದನ್ನು ಬೆರಳು ಗೇಣುಗಳಲ್ಲಿ ಅಳೆದು ಬರೆದಿಡುವ ಪದ್ಧತಿಯಲ್ಲ. ಬ್ರಿಟಿಷರ ಪಲಟಣಿಗೆ ಸಿಪಾಯಿಗಳನ್ನು ಆರಿಸುವಾಗಲೂ ನೋಡುತ್ತಿದ್ದದ್ದು ಆಳಿನ ಎತ್ತರ, ಎದೆಯ ಸುತ್ತಳತೆ ಇವುಗಳನ್ನೇ.

ಯುರೋಪಿನಲ್ಲಿ ಇಟಲಿಯ ಬೊರೆಲ್ಲಿ ಎಂಬ ಗಣಿತಜ್ಞನು ಪ್ರಾಣಿಗಳ ಚಲನೆಯನ್ನು ಕುರಿತು ಬರೆದ ಗ್ರಂಥವು 1680ರಲ್ಲಿ, ಅವನು ತೀರಿಕೊಂಡ ಮೇಲೆ, ಪ್ರಕಟವಾಗತೊಡಗಿತು. ಪ್ರಾಣಿಯು ಸಣ್ಣದಾಗಲಿ ದೊಡ್ಡದಾಗಲಿ ನೆಗೆಯುವ ಎತ್ತರದಲ್ಲಿ ಹೇಳುವಂಥ ಅಂತರವಿರದೆಂಬ ವಿಚಿತ್ರವಾದ ವಿಚಾರವು ಅವನದು. ಎರಡು ಶತಮಾನಗಳ ತರುವಾಯ ಫ್ರಾನ್ಸಿನ ಮರೇ ಎಂಬ ಪಂಡಿತನು ದೆಮೆನಿ ಎಂಬ ಸಹಾಯಕನೊಡನೆ, ಕಾಲಿನ ಒತ್ತಡವನ್ನು ತಾನೇ ಗೆರೆಯಾಗಿ ಬರೆದಿಡುವ ಮಣೆಯೊಂದನ್ನು ರಚಿಸಿ, ನೆಗೆಯುವವನ ಛಾಯಾಚಿತ್ರಗಳನ್ನು ಅದರೊಡನೆ ಹೊಂದಿಸಿ 1885ರಲ್ಲಿ ಪ್ರಕಟಿಸಿದನು. ಇಂದು ಕ್ರೀಡಾಪ್ರಯೋಗಶಾಲೆಗಳಲ್ಲಿರುವ ಬೆಲೆಬಾಳುವ ಮಣೆಗಳೆಲ್ಲ ಅದರ ಸಂತತಿಯೇ.

ಆದರೆ ಶಾಲೆಯ ಗೋಡೆಯ ಬಳಿಗೆ ಈ ಪರೀಕ್ಷೆಯನ್ನು ತಂದವನು ಅಮೇರಿಕದ ಡಡ್ಲಿ ಅಲೆನ್ ಸಾರ್ಜೆಂಟ್. ಈತನ ವೃತ್ತಾಂತವು ಸ್ವಲ್ಪ ವಿಸ್ತಾರವಾಗಿ ಹೇಳಲು ಯೋಗ್ಯವಾದುದು. 1849ರಲ್ಲಿ ಹುಟ್ಟಿ, 1879ರಿಂದ ನಲವತ್ತು ವರ್ಷಗಳ ಕಾಲ ಹಾರ್ವರ್ಡ್ ವಿದ್ಯಾಪೀಠದ ವ್ಯಾಯಾಮಶಾಲೆಯ ಅಧಿಕಾರಿಯಾಗಿದ್ದ ಈತನು ಅಳತೆಯ ಹುಚ್ಚು ಹಿಡಿದ ಮನುಷ್ಯ. ಸಾವಿರಾರು ವಿದ್ಯಾರ್ಥಿಗಳ ತೋಳು, ತೊಡೆ, ಎದೆ, ಹೆಗಲುಗಳನ್ನು ಅಳೆದು ಕೋಷ್ಟಕಗಳನ್ನು ಮಾಡಿಸಿದನು. ಆ ಅಳತೆಗಳ ಸರಾಸರಿಯಿಂದ ಮಾಡಿದ ತರುಣ ತರುಣಿಯರ ಪ್ರತಿಮೆಗಳು 1893ರ ಶಿಕಾಗೋ ಪ್ರದರ್ಶನದಲ್ಲಿ ನಿಂತಿದ್ದುವು. (ಸ್ವಾಮಿ ವಿವೇಕಾನಂದರು ಭಾಷಣ ಮಾಡಿದ ಸರ್ವಧರ್ಮ ಸಮ್ಮೇಳನವು ಆ ಪ್ರದರ್ಶನದ ಅಂಗವೇ ಆಗಿದ್ದಿತು.) ಇಷ್ಟೆಲ್ಲ ಅಳೆದವನಿಗೆ, ಅಳತೆಯ ಪಟ್ಟಿಯು ಮನುಷ್ಯನ ಗಾತ್ರವನ್ನು ಹೇಳುತ್ತದೆಯೇ ಹೊರತು ಆ ಗಾತ್ರವನ್ನು ಅವನು ಎಷ್ಟು ಚುರುಕಾಗಿ ಬಳಸಬಲ್ಲನೆಂಬುದನ್ನು ಹೇಳುವದಿಲ್ಲವೆಂದು ಮನದಟ್ಟಾಯಿತು. ಎಪ್ಪತ್ತು ದಾಟಿದ ಮೇಲೆ, 1921ರಲ್ಲಿ, ಆತನು ಒಂದು ಲೇಖನವನ್ನು ಬರೆದು, ನೆಟ್ಟನೆಯ ನೆಗೆತವೊಂದೇ ದೇಹಪರೀಕ್ಷೆಗೆ ಸಾಕೆಂದು ಸೂಚಿಸಿದನು. ತಲೆಯ ಮೇಲೆ ರಟ್ಟಿನ ಬಿಲ್ಲೆಯೊಂದನ್ನು ತೂಗಬಿಡುವದು, ನಿಂತವನು ಬಾಗಿ, ಮೊಣಕಾಲು ಮಡಿಸಿ, ತೋಳು ಬೀಸಿ ನೆಗೆದು ಅದನ್ನು ನೆತ್ತಿಯಿಂದ ತಾಕುವದು, ಇದಿಷ್ಟೇ ಪರೀಕ್ಷೆ. ತಾಕಿದ ಎತ್ತರದಲ್ಲಿ ನಿಂತ ಎತ್ತರವನ್ನು ಕಳೆದರೆ ಉಳಿಯುವದು ನೆಗೆತ. ಮೂರು ವರ್ಷಗಳ ತರುವಾಯ ಆತನು ತೀರಿಕೊಂಡನು. ಪರೀಕ್ಷೆಗೆ ಆತನ ಹೆಸರೇ ನಿಂತಿತು. ಜೀವಮಾನವಿಡೀ ಒಂದು ವಿಧಾನವನ್ನು ಬೆಳೆಸಿ, ಮುಪ್ಪಿನಲ್ಲಿ ಅದರ ಕೊರತೆಯನ್ನು ತಾನೇ ಕಂಡು ಹೊಸದನ್ನು ಹುಡುಕುವ ಧೈರ್ಯವು ಎಲ್ಲ ಪಂಡಿತರಲ್ಲಿಯೂ ಕಾಣುವದಿಲ್ಲ.

ಸಾರ್ಜೆಂಟನು ವಾಲಿಬಾಲನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪರೀಕ್ಷೆಯನ್ನು ಕಲ್ಪಿಸಿದ್ದಲ್ಲ. ಆ ಆಟವು 1895ರಲ್ಲಿ ಅದೇ ಮ್ಯಾಸಚೂಸೆಟ್ಸ್ ಪ್ರಾಂತದ ಹೋಲಿಯೋಕ್ ಎಂಬ ಊರಿನ ವೈ.ಎಂ.ಸಿ.ಎ.ಯಲ್ಲಿ ವಿಲಿಯಂ ಮಾರ್ಗನ್ ಎಂಬವನಿಂದ, ಬಾಸ್ಕೆಟ್‌ಬಾಲಿನಷ್ಟು ದಣಿವಾಗದ ಆಟವೊಂದು ನಡುವಯಸ್ಸಿನವರಿಗೆ ಬೇಕೆಂದು ರಚಿತವಾದದ್ದು. ಆಗ ನೆಟ್ಟಿನ ಎತ್ತರ 6 ಅಡಿ 6 ಅಂಗುಲ ಮಾತ್ರ. ನೆಗೆಯುವ ಅಗತ್ಯವೇ ಕಡಿಮೆ. 1916ರ ಸುಮಾರಿಗೆ ಫಿಲಿಪೈನ್ಸ್ ದ್ವೀಪಗಳ ಆಟಗಾರರು ಒಬ್ಬನು ಚೆಂಡನ್ನು ಎತ್ತಿಕೊಡುವದು, ಇನ್ನೊಬ್ಬನು ನೆಗೆದು ಅಪ್ಪಳಿಸುವದು ಎಂಬ ಕ್ರಮವನ್ನು ಬಳಕೆಗೆ ತಂದ ಮೇಲೆ ಆಟದ ಸ್ವರೂಪವೇ ಬದಲಾಯಿತು. ಭಾರತದಲ್ಲಿ ಇದನ್ನು ಹರಡಿದವರು ವೈ.ಎಂ.ಸಿ.ಎ.ಯವರೇ. 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬವರು ಮದರಾಸಿನಲ್ಲಿ ಸ್ಥಾಪಿಸಿದ ವ್ಯಾಯಾಮ ಶಿಕ್ಷಣದ ಕಾಲೇಜಿನಿಂದ ಹೊರಬಿದ್ದ ಶಿಕ್ಷಕರು ದಕ್ಷಿಣದ ಶಾಲೆಗಳಿಗೆ ಈ ಆಟವನ್ನು ಒಯ್ದರು. ನೆಟ್, ಚೆಂಡು, ಸಪಾಟಾದ ನೆಲ ಇಷ್ಟಿದ್ದರೆ ನಡೆಯುವ ಆಟವಾದ್ದರಿಂದ ಹಳ್ಳಿಗಳಿಗೆ ಒಪ್ಪಿತು. ಭಾರತದ ಪುರುಷರ ತಂಡವು ಏಷ್ಯನ್ ಕ್ರೀಡೆಗಳಲ್ಲಿ 1962ರಲ್ಲಿ ಬೆಳ್ಳಿಯನ್ನೂ 1986ರಲ್ಲಿ ಕಂಚನ್ನೂ ಗಳಿಸಿದುದು ಈ ನೆಲದಿಂದಲೇ.

ಈಗ ಪುರುಷರ ನೆಟ್ಟಿನ ಎತ್ತರ 2.43 ಮೀಟರು, ಸ್ತ್ರೀಯರದು 2.24. ಚೆಂಡಿನ ಅಡ್ಡಳತೆ ಸುಮಾರು 21 ಸೆಂಟಿಮೀಟರು. ನೆಟ್ಟಿನ ಮೇಲಿಂದ ಚೆಂಡನ್ನು ಕೆಳಮುಖವಾಗಿ ಹೊಡೆಯಬೇಕಾದರೆ ಕೈಯು ಅದಕ್ಕಿಂತ ಸಾಕಷ್ಟು ಮೇಲಿರಬೇಕು. ಇಬ್ಬರು ಹುಡುಗರಿದ್ದಾರೆನ್ನೋಣ. ಒಬ್ಬನ ನಿಲುಗೈ, ಎಂದರೆ ನಿಂತು ಕೈಯೆತ್ತಿದಾಗ ತಲುಪುವ ಎತ್ತರ, 2.40 ಮೀಟರು, ನೆಗೆತ 60 ಸೆಂಟಿಮೀಟರು. ಇನ್ನೊಬ್ಬನ ನಿಲುಗೈ 2.25, ನೆಗೆತ 75. ಇಬ್ಬರೂ ಮುಟ್ಟುವದು ಸರಿಯಾಗಿ 3 ಮೀಟರನ್ನೇ. ಪಂದ್ಯದಲ್ಲಿ ಇಬ್ಬರೂ ಸಮಾನರು. ಪರೀಕ್ಷೆಯಲ್ಲಿ ಮಾತ್ರ ಎರಡನೆಯವನಿಗೆ ಹೆಚ್ಚು ಅಂಕ. ಮುಟ್ಟಿದ ಎತ್ತರವನ್ನು ಮಾತ್ರ ನೋಡುವ ಶಿಕ್ಷಕನಿಗೆ ಎರಡನೆಯವನ ಕಾಲಿನ ಬಲ ಕಾಣದು. ನೆಗೆತವನ್ನು ಮಾತ್ರ ನೋಡುವವನಿಗೆ ಮೊದಲನೆಯವನ ತೋಳಿನ ಉದ್ದ ಕಾಣದು. ಇಷ್ಟು ಸರಳವಾದ ಲೆಕ್ಕವನ್ನು ಮರೆತು ಆಯ್ಕೆ ಮಾಡುವದುಂಟು.

ತಲೆಯಿಂದ ತಾಕುವ ಕ್ರಮವು ಹೋಗಿ, ಗೋಡೆಯ ಮೇಲೆ ಕೈಯಿಂದ ಗುರುತು ಮಾಡುವ ಕ್ರಮವು ಕಾಲಾಂತರದಲ್ಲಿ ರೂಢವಾಯಿತು. ಬೆರಳಿಗೆ ಸೀಮೆಸುಣ್ಣದ (ಈ ಕಡೆಯವರು ಖಡು ಎನ್ನುವ) ಪುಡಿಯನ್ನು ಹಚ್ಚಿ, ಗೋಡೆಗೆ ಪಕ್ಕವಾಗಿ ನಿಂತು ಕೈಯೆತ್ತಿ ಒಂದು ಗುರುತು. ನೆಗೆದು ಇನ್ನೊಂದು ಗುರುತು. ನಡುವಣ ಅಂತರವೇ ನೆಗೆತ. ಮೂರು ಸಲ ನೆಗೆಯಿಸಿ ಹೆಚ್ಚಿನದನ್ನು ಬರೆದುಕೊಳ್ಳುವದು ವಾಡಿಕೆ. ನೋಡಲು ಇದರಲ್ಲಿ ಮೋಸಕ್ಕೆ ಎಡೆಯಿಲ್ಲವೆಂದು ತೋರಿದರೂ ಎಡೆಯಿರುವದು ಮೊದಲನೆಯ ಗುರುತಿನಲ್ಲಿಯೇ. ಹೆಗಲನ್ನು ಸ್ವಲ್ಪ ಸಡಿಲ ಬಿಟ್ಟು ನಿಲುಗೈಯ ಗುರುತನ್ನು ನಾಲ್ಕು ಬೆರಳು ಕೆಳಗೆ ಮಾಡಿದ ಹುಡುಗನು ಕಾಲನ್ನು ಅಲ್ಲಾಡಿಸುವ ಮೊದಲೇ ಅಷ್ಟನ್ನು ಗಳಿಸಿಕೊಂಡಿರುತ್ತಾನೆ. ಹಿಮ್ಮಡಿ ನೆಲಕ್ಕೆ ಊರಿದೆಯೇ, ತೋಳು ಕಿವಿಗೆ ತಗಲಿದೆಯೇ, ಬೆರಳು ಪೂರಾ ಚಾಚಿದೆಯೇ ಎಂದು ನೋಡುವವನೇ ನಿಜವಾದ ಪರೀಕ್ಷಕ. ತೋಳು ಬೀಸುವದಕ್ಕೆ ಅನುಮತಿಯಿತ್ತೋ ಇಲ್ಲವೋ ಎಂಬುದನ್ನು ಸಹ ಬರೆದಿಡಬೇಕು. ಬೀಸಿದ ತೋಳು ನೆಗೆತಕ್ಕೆ ಹತ್ತರಲ್ಲೊಂದು ಪಾಲನ್ನಾದರೂ ಕೂಡಿಸುತ್ತದೆ. ಒಂದು ಊರಿನಲ್ಲಿ ತೋಳು ಬೀಸಿ ನೆಗೆದವನನ್ನು ಇನ್ನೊಂದು ಊರಿನಲ್ಲಿ ಸೊಂಟಕ್ಕೆ ಕೈಯಿಟ್ಟು ನೆಗೆದವನೊಡನೆ ಹೋಲಿಸುವದು ಸೇರನ್ನೂ ಮಾರನ್ನೂ ಹೋಲಿಸಿದಂತೆ.

ಗೋಡೆಯಿಲ್ಲದೆ ಕಾಲದಿಂದ ಅಳೆಯುವ ಮಾರ್ಗವೊಂದುಂಟು. ಪಾದವು ನೆಲವನ್ನು ಬಿಟ್ಟಾಗಿನಿಂದ ಮರಳಿ ಮುಟ್ಟುವವರೆಗಿನ ಕಾಲವನ್ನು ಸೆಕೆಂಡುಗಳಲ್ಲಿ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ, ಬಂದುದನ್ನು 1.226ರಿಂದ ಗುಣಿಸಿದರೆ ನೆಗೆತವು ಮೀಟರುಗಳಲ್ಲಿ ಬರುತ್ತದೆ. ಅರ್ಧ ಸೆಕೆಂಡು ಗಾಳಿಯಲ್ಲಿದ್ದವನು 31 ಸೆಂಟಿಮೀಟರು ಏರಿರುತ್ತಾನೆ, 0.6 ಸೆಕೆಂಡು ಇದ್ದವನು 44, 0.7 ಇದ್ದವನು 60. ಇಟಲಿಯ ಕಾರ್ಮೆಲೊ ಬೋಸ್ಕೊ ಎಂಬವನು ಫಿನ್ಲೆಂಡಿನ ಪಂಡಿತರೊಡನೆ ಸೇರಿ 1983ರಲ್ಲಿ ಇದೇ ತತ್ತ್ವದಿಂದ ಹೊಸ ಪರೀಕ್ಷೆಯೊಂದನ್ನು ಪ್ರಕಟಿಸಿದನು. ಆಟಗಾರನನ್ನು 60 ಸೆಕೆಂಡುಗಳವರೆಗೆ ಎಡೆಬಿಡದೆ ನೆಗೆಯಿಸಿ, ಗಾಳಿಯಲ್ಲಿ ಕಳೆದ ಕಾಲವನ್ನೆಲ್ಲ ಕೂಡಿಸಿ, ಸ್ನಾಯುಗಳ ಕಸುವನ್ನೂ ಅದು ಸೋಲುವ ಬಗೆಯನ್ನೂ ಕಂಡುಹಿಡಿಯುವ ಪರೀಕ್ಷೆಯದು. ಐದನೆಯ ಸೆಟ್ಟಿನವರೆಗೆ ನೆಗೆಯುತ್ತಲೇ ಇರಬೇಕಾದ ವಾಲಿಬಾಲ್ ಆಟಗಾರನಿಗೆ ಇದು ಒಂದೇ ನೆಗೆತದ ಅಳತೆಗಿಂತ ಹತ್ತಿರವಾದದ್ದು. ಬಳಿಕ 1999ರಲ್ಲಿ ಸೇಯರ್ಸ್ ಎಂಬವರು ತಮ್ಮ ಜೊತೆಗಾರರೊಡನೆ, ನೆಗೆತದ ಎತ್ತರದಿಂದಲೂ ದೇಹದ ತೂಕದಿಂದಲೂ ಕಾಲುಗಳ ಗರಿಷ್ಠ ಕಸುವನ್ನು ಲೆಕ್ಕ ಹಾಕುವ ಸೂತ್ರವನ್ನು ಕೊಟ್ಟರು. ಅದರ ಪ್ರಕಾರ 50 ಸೆಂಟಿಮೀಟರು ನೆಗೆಯುವ 60 ಕಿಲೋ ತೂಕದವನ ಕಸುವು ಸುಮಾರು 3,700 ವ್ಯಾಟು. ಅಷ್ಟೇ ನೆಗೆಯುವ 80 ಕಿಲೋ ತೂಕದವನದು 4,600. ಗೋಡೆಯ ಮೇಲಿನ ಗುರುತು ಇಬ್ಬರಿಗೂ ಒಂದೇ; ಎಂಜಿನುಗಳು ಬೇರೆ.

ಇಲ್ಲಿಯವರೆಗೆ ಅಳತೆಯ ಮಾತಾಯಿತು. ಇನ್ನು ಭವಿಷ್ಯದ ಮಾತು. ಪಟಿಯಾಳದಲ್ಲಿ 1961ರಲ್ಲಿ ರಾಷ್ಟ್ರೀಯ ಕ್ರೀಡಾಸಂಸ್ಥೆಯೂ 1984ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವೂ ಹುಟ್ಟಿದ ಮೇಲೆ, 1985ರಿಂದ ಶಾಲೆಯ ಮಕ್ಕಳಲ್ಲಿ ಪ್ರತಿಭೆಯನ್ನು ಹುಡುಕುವ ಸ್ಪರ್ಧೆಗಳು ನಡೆದುವು. ಓಟ, ಚೆಂಡೆಸೆತಗಳೊಡನೆ ನೆಟ್ಟನೆಯ ನೆಗೆತವೂ ಆ ಪರೀಕ್ಷೆಗಳಲ್ಲಿ ಸೇರಿದ್ದಿತು. ಅಂದಿನಿಂದ ಹಳ್ಳಿಯ ಹುಡುಗನಿಗೆ ಗೋಡೆಯ ಗುರುತು ಬರಿಯ ಆಟವಾಗಿ ಉಳಿಯಲಿಲ್ಲ. ಊಟ, ವಸತಿ, ಶಿಕ್ಷಣ ದೊರೆಯುವ ನಿಲಯದ ಬಾಗಿಲಾಯಿತು. ಹೊಲದಲ್ಲಿ ಕೂಲಿ ಮಾಡುವವರ ಮಗನಿಗೆ ಆ ಬಾಗಿಲಿನ ಬೆಲೆ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ.

ತೊಡಕೇನೆಂದರೆ, ಗಂಡುಮಕ್ಕಳು ಅತಿ ವೇಗವಾಗಿ ಬೆಳೆಯುವದು ಸರಾಸರಿ ಹದಿನಾಲ್ಕರ ಸುಮಾರಿಗೆ, ಹೆಣ್ಣುಮಕ್ಕಳು ಹನ್ನೆರಡರ ಸುಮಾರಿಗೆ. ಆದರೆ ಒಬ್ಬೊಬ್ಬರಿಗೆ ಇದು ಎರಡು ವರ್ಷ ಹಿಂದೆ ಮುಂದೆ ಆಗಬಹುದು. ಹದಿಮೂರು ವರ್ಷದ ಇಬ್ಬರನ್ನು ಗೋಡೆಯ ಬಳಿ ನಿಲ್ಲಿಸಿದರೆ, ಒಬ್ಬನ ಮೀಸೆ ಚಿಗುರುತ್ತಿರುತ್ತದೆ, ಇನ್ನೊಬ್ಬನು ಇನ್ನೂ ಬಾಲಕ. ಮೊದಲನೆಯವನು ಹತ್ತು ಸೆಂಟಿಮೀಟರು ಹೆಚ್ಚು ನೆಗೆದರೆ ಅದು ಪ್ರತಿಭೆಯೋ ಬರಿಯ ಬೆಳವಣಿಗೆಯೋ ಒಂದು ದಿನದ ಗುರುತಿನಿಂದ ತಿಳಿಯುವ ಬಗೆಯಿಲ್ಲ. ಸೋಮೇಶ್ವರನು ಭವಿಷ್ಣುವೆಂದು ಕರೆದವನನ್ನು ಪ್ರರೂಢನ ಮೊಳಕೋಲಿನಿಂದ ಅಳೆದು ಹಿಂದಕ್ಕೆ ಕಳುಹಿಸಿದಂತಾಗುತ್ತದೆ. ಅದೇ ಹುಡುಗನನ್ನು ವರ್ಷಕ್ಕೆ ಮೂರು ಸಲದಂತೆ ಎರಡು ಮೂರು ವರ್ಷ ಅಳೆದು, ಎತ್ತರವನ್ನೂ ತೂಕವನ್ನೂ ಜೊತೆಗೆ ಬರೆದಿಟ್ಟರೆ ಆ ಗುರುತುಗಳು ಮಾತನಾಡತೊಡಗುತ್ತವೆ. ಆಳುದ್ದ ನಿಂತುಹೋದ ಮೇಲೆಯೂ ನೆಗೆತ ಏರುತ್ತಿದ್ದರೆ ಅದಕ್ಕೆ ಬೇರೆ ಅರ್ಥವುಂಟು.

ಕಣ್ಣೂರು ಜಿಲ್ಲೆಯ ಪೇರಾವೂರಿನ ಜಿಮ್ಮಿ ಜಾರ್ಜ್ (1955–1987) ಗಾಳಿಯಲ್ಲಿ ನಿಂತುಬಿಡುತ್ತಾನೆಂದು ನೋಡಿದವರು ಹೇಳುತ್ತಿದ್ದರು. ಗಾಳಿಯಲ್ಲಿ ಯಾರೂ ನಿಲ್ಲಲಾರರು. ಆದರೆ ನೆಗೆದವನು ಗಾಳಿಯಲ್ಲಿ ಕಳೆಯುವ ಕಾಲದಲ್ಲಿ ಅರ್ಧವು ನೆಗೆತದ ಮೇಲಿನ ಕಾಲು ಭಾಗದಲ್ಲಿಯೇ ಕಳೆಯುವದರಿಂದ ಕಣ್ಣಿಗೆ ಹಾಗೆ ತೋರುತ್ತದೆ. ಇಟಲಿಯ ತಂಡಗಳಲ್ಲಿ ಆಡಿ ಹೆಸರು ಗಳಿಸಿದ ಈ ವೀರನು ಎಂಟು ಜನ ಅಣ್ಣತಮ್ಮಂದಿರಲ್ಲಿ ಒಬ್ಬ; ಎಂಟು ಜನರೂ ವಾಲಿಬಾಲ್ ಆಡುವವರೇ. ಇದರಲ್ಲಿ ಕುಲದಿಂದ ಬಂದುದೆಷ್ಟು, ಮನೆಯಂಗಳದ ಅಭ್ಯಾಸದಿಂದ ಬಂದುದೆಷ್ಟು ಎಂದು ಯಾವ ಮಣೆಯೂ ಬೇರ್ಪಡಿಸಿ ಹೇಳಲಾರದು. ಎತ್ತಿಕೊಟ್ಟ ಚೆಂಡನ್ನು ಸರಿಯಾದ ಕ್ಷಣದಲ್ಲಿ ಸಂಧಿಸುವ ಕಣ್ಣನ್ನಂತೂ ಗೋಡೆಯು ಅಳೆಯುವದೇ ಇಲ್ಲ. ಮೇಲಾಗಿ 1998ರಿಂದ ಅಂತರರಾಷ್ಟ್ರೀಯ ನಿಯಮಗಳಲ್ಲಿ ಲಿಬೆರೋ ಎಂಬ ಸ್ಥಾನವು ಬಂದಿದೆ. ಆ ಆಟಗಾರನು ನೆಟ್ಟಿನ ಮೇಲೆ ಹೊಡೆಯುವಂತಿಲ್ಲ, ತಡೆಯುವಂತೆಯೂ ಇಲ್ಲ. ನೆಗೆತದಲ್ಲಿ ಹಿಂದೆ ಬಿದ್ದವನಿಗೂ ಅಂಗಳದಲ್ಲಿ ಒಂದು ಎಡೆ ದೊರೆತಂತಾಯಿತು.

ಇನ್ನು ಅಂಗದನ ಮಾತು. ನೆಗೆದವನು ಇಳಿಯಲೇಬೇಕು; ಇಳಿಯುವಾಗ ದೇಹಭಾರದ ಹಲವು ಪಟ್ಟು ಒತ್ತಡವು ಮೊಣಕಾಲಿನ ಮೇಲೆ ಬೀಳುತ್ತದೆ. ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ಸವೆದು ನೋಯುವ ಬೇನೆಗೆ ವೈದ್ಯರು 1973ರಲ್ಲಿ ‘ನೆಗೆಯುವವರ ಮಂಡಿ’ ಎಂಬರ್ಥದ ಹೆಸರಿಟ್ಟರು. ನಾರ್ವೆ ದೇಶದಲ್ಲಿ ನಾನಾ ಆಟಗಳ ಶ್ರೇಷ್ಠ ಆಟಗಾರರನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ವರದಿಯಲ್ಲಿ ವಾಲಿಬಾಲ್ ಆಡುವ ಪುರುಷರಲ್ಲಿ ನೂರಕ್ಕೆ ಸುಮಾರು 45 ಜನರಿಗೆ ಈ ಬೇನೆಯಿದ್ದಿತು. ಅದೇ ದೇಶದ ವಾಲಿಬಾಲ್ ವಸತಿಶಾಲೆಯೊಂದರ ತರುಣರನ್ನು ಕೆಲವು ವರ್ಷಗಳವರೆಗೆ ಕ್ರಮವಾಗಿ ನೆಗೆಯಿಸಿ ನೋಡಿದವರು 2013ರಲ್ಲಿ ಪ್ರಕಟಿಸಿದ ಸಂಗತಿಯು ಇನ್ನೂ ವಿಚಾರಣೀಯವಾದುದು. ಮುಂದೆ ಮಂಡಿನೋವಿಗೆ ಗುರಿಯಾದವರು ಮೊದಲೇ ಉಳಿದವರಿಗಿಂತ ಚೆನ್ನಾಗಿ ನೆಗೆಯುತ್ತಿದ್ದವರು! ವಾರಕ್ಕೆ ಆಡಿದ ಪಂದ್ಯದ ಸೆಟ್ಟುಗಳು ಹೆಚ್ಚಿದಂತೆ ಅಪಾಯವೂ ಹೆಚ್ಚಿತು. ಯಾರು ಶ್ರೇಷ್ಠ ಆಟಗಾರನಾದಾನೆಂದು ಹೇಳಲು ತಡವರಿಸುವ ಪರೀಕ್ಷೆಯು, ಯಾರ ಮಂಡಿಯನ್ನು ಕಾಯಬೇಕೆಂಬುದನ್ನು ಅಷ್ಟಿಷ್ಟು ಸೂಚಿಸಬಲ್ಲುದೆಂದಾಯಿತು. ಎಲ್ಲ ತಂಡಗಳಿಗೂ ತಾಲೂಕಿನ ಎಲ್ಲ ಪಂದ್ಯಗಳಿಗೂ ಒಬ್ಬನೇ ಹುಡುಗನನ್ನು ಎಳೆದೊಯ್ದು, ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿಯಾದ ನೆಲದ ಮೇಲೆ ನೆಗೆಯಿಸುವ ಅಭಿಮಾನಿಗಳು ಇದನ್ನು ತಿಳಿದಿರುವದು ಒಳ್ಳೆಯದು.

ಈಚೆಗೆ ಕೈಯಲ್ಲಿ ಹಿಡಿಯುವ ಫೋನೇ ಮರೇಯ ಮಣೆಯ ಕೆಲಸವನ್ನು ಕೆಲಮಟ್ಟಿಗೆ ಮಾಡುತ್ತಿದೆ. ಸೆಕೆಂಡಿಗೆ 240 ಚಿತ್ರಗಳನ್ನು ಹಿಡಿಯುವ ಫೋನಿನಿಂದ ಪಾದವನ್ನು ಚಿತ್ರಿಸಿ, ನೆಲ ಬಿಟ್ಟ ಚಿತ್ರದಿಂದ ಮುಟ್ಟಿದ ಚಿತ್ರದವರೆಗೆ ಎಣಿಸಿದರೆ ಸಾಕು. 144 ಚಿತ್ರಗಳಾದರೆ 0.6 ಸೆಕೆಂಡು, ಎಂದರೆ 44 ಸೆಂಟಿಮೀಟರು. ಒಂದು ಚಿತ್ರದ ತಪ್ಪೆಣಿಕೆಯಾದರೆ ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚಿನ ಅಂತರ ಬಂದೀತು. ಸ್ಪೇನಿನ ಪಂಡಿತರು 2015ರಲ್ಲಿ ಇಂಥ ಎಣಿಕೆಯನ್ನು ಪ್ರಯೋಗಶಾಲೆಯ ಮಣೆಯೊಡನೆ ಹೋಲಿಸಿ ನೋಡಿ ನಂಬತಕ್ಕದ್ದೆಂದು ತೋರಿಸಿದ್ದಾರೆ. ಇಳಿಯುವಾಗ ಮೊಣಕಾಲು ಮಡಿಸಿಕೊಂಡು ಮುಟ್ಟುವದನ್ನು ತಡಮಾಡುವ ಜಾಣರನ್ನು ಮಾತ್ರ ಎಚ್ಚರಿಕೆಯಿಂದ ನೋಡಬೇಕು. ದೊಡ್ಡ ತಂಡಗಳಲ್ಲಿ ಆಟಗಾರರ ನಡುವಿಗೆ ಸಣ್ಣ ಯಂತ್ರವೊಂದನ್ನು ಕಟ್ಟಿ ದಿನಕ್ಕೆ ಎಷ್ಟು ಸಲ ನೆಗೆದರೆಂಬುದನ್ನೂ ಎಣಿಸುತ್ತಾರೆ. ದೇವಾಪುರದಂಥ ಊರಿನಲ್ಲಿ ಆ ಯಂತ್ರವಿಲ್ಲದಿದ್ದರೂ, ಸರದಿ ಬಾರದೆ ಅಂಗಳದ ಅಂಚಿನಲ್ಲಿ ಕುಳಿತ ಹುಡುಗನೊಬ್ಬನ ಕೈಗೆ ಒಂದು ವಹಿಯನ್ನು ಕೊಟ್ಟು ಗೀಟು ಹಾಕಿಸಬಹುದು: ಇಂದು ಇವನು ಇಷ್ಟು ಸಲ ನೆಗೆದನು, ಇಷ್ಟು ಸಲ ಇಳಿದನು.